ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ನಮ್ಮ ಮೆಕೆಂಜಿ

ಕೋಲ್ಕತ್ತದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನಕ್ಕೆ ಸುಮ್ನೆ ಸುತ್ತಾಡೋಕೆ ಹೋದರೆ ಅರ್ಧ ಗಂಟೆಗೇ ಬೇಜಾರಾಗುತ್ತದೆ. 1767ರಲ್ಲಿ ಶುರುವಾದ ಜಾಗ ಇದು, ಸಮಾಧಿಗಳು ಅಷ್ಟೊಂದಿವೆ. ಪಿರಮಿಡ್ಡು, ಗುಮ್ಮಟ, ಕಂಬದ ಮಂಟಪ ಎಲ್ಲ ಕೊನೆಗೆ ಒಂದೇ ಥರ ಕಾಣತೊಡಗುತ್ತವೆ. ಅದಕ್ಕೇ ನಾನು ನಾಲ್ಕು ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋದೆ.

ಮೊದಲನೆಯದು ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಅಧಿಕಾರಿ ಕಾಲಿನ್ ಮೆಕೆಂಜಿ. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದವನು, ಆಮೇಲೆ ಮೈಸೂರು ಸೀಮೆಯನ್ನೆಲ್ಲ ಅಳತೆ ಮಾಡಿಸಿದವನು. ತನ್ನ ಸಹಾಯಕ ಕಾವಲಿ ಬೊರಯ್ಯ ಮತ್ತು ಅವನ ತಮ್ಮಂದಿರ ನೆರವಿನಿಂದ ನಮ್ಮ ಹಳ್ಳಿಗಳ ಕೈಫಿಯತ್ತು (ಊರಿನ ಚರಿತ್ರೆಯ ಬರಹ), ಶಾಸನಗಳ ನಕಲು ಕೂಡಿಹಾಕಿದ. ಲಂಡನ್ನಿನಲ್ಲಿರುವ ಅವನ ಚಿತ್ರದಲ್ಲಿ ಹಿಂದೆ ದೂರದಲ್ಲಿ ಬಾಹುಬಲಿ ನಿಂತಿದ್ದಾನೆ! 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1821ರಲ್ಲಿ ತೀರಿಕೊಂಡಾಗ ಇಲ್ಲೇ ಮಣ್ಣು ಮಾಡಿದರು. ಕನ್ನಡದವರು ಇಲ್ಲಿಗೆ ಬರೋದಕ್ಕೆ ಇದೊಂದೇ ಕಾರಣ ಸಾಕು ಅಂತ ನನಗನ್ನಿಸುತ್ತದೆ.

ಮಿಕ್ಕವರನ್ನು ಹುಡುಕೋದು ಸುಲಭ. ಸಂಸ್ಕೃತ ವಿದ್ವಾಂಸ ವಿಲಿಯಂ ಜೋನ್ಸ್‌ನದು ಎತ್ತರದ ಮೊನಚು ಕಂಬ, ದೂರದಿಂದಲೇ ಕಾಣುತ್ತದೆ. ಡಿರೋಜಿಯೊ 1831ರಲ್ಲಿ ಕಾಲರಾದಿಂದ ಹೋದಾಗ ಅವನಿಗೆ 22 ವರ್ಷ. ಹಿಂದೂ ಕಾಲೇಜಿನ ಹುಡುಗರಿಗೆ ಪ್ರಶ್ನೆ ಕೇಳೋದನ್ನು ಕಲಿಸಿದ ಮೇಷ್ಟ್ರು. ನನಗೆ ಜಾಸ್ತಿ ಹಿಡಿಸಿದ್ದು ಚಾರ್ಲ್ಸ್ ಸ್ಟುವರ್ಟ್ ಸಮಾಧಿ. ಕಂಪನಿ ಸೈನ್ಯದಲ್ಲಿದ್ದರೂ ದಿನಾ ಗಂಗಾಸ್ನಾನ ಮಾಡುತ್ತಿದ್ದ ಆಸಾಮಿ, ಜನ ಅವನನ್ನು ‘ಹಿಂದೂ ಸ್ಟುವರ್ಟ್’ ಅಂತಲೇ ಕರೆಯುತ್ತಿದ್ದರು. ಕ್ರೈಸ್ತರ ಸ್ಮಶಾನದ ನಡುವೆ ಅವನದು ಮಾತ್ರ ಚಿಕ್ಕ ಗುಡಿ. ಬಾಗಿಲವಾಡದ ಕೆತ್ತನೆ ಹತ್ತಿರ ಹೋಗಿ ನೋಡಿ.

ಹೆಚ್ಚಿನವು ಇಟ್ಟಿಗೆ ಕಟ್ಟಿ ಗಾರೆ ಬಳಿದವು. ಗಾರೆ ಉದುರಿದ ಕಡೆ ಇಟ್ಟಿಗೆ ಕಾಣುತ್ತದೆ, ಸಂದಿಯಲ್ಲಿ ಪಾಚಿ. ಸವೆದ ಬರಹ ಓದೋಕೆ ಕಲ್ಲಿಗೆ ನೀರು, ಸೀಮೆಸುಣ್ಣ ಏನೂ ಹಾಕಬೇಡಿ. ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಂದು ಓರೆಯಾಗಿ ಬೆಳಕು ಬಿಡಿ. ಅಕ್ಷರದ ತಗ್ಗುಗಳಲ್ಲಿ ನೆರಳು ಕೂತು, ಬರೀ ಗೀರು ಅಂದುಕೊಂಡಿದ್ದು ಹೆಸರಾಗಿ ಕಾಣುತ್ತದೆ. ನಾನು ಹಾಗೆ ಓದಿದ್ದರಲ್ಲಿ ಎಷ್ಟೋ ಜನ ಮೂವತ್ತು ದಾಟಿರಲಿಲ್ಲ, ಕೈಗೂಸುಗಳೂ ಇದ್ದವು. ಬಂಗಾಳಕ್ಕೆ ಬಂದ ಯುರೋಪಿನವರ ಆಯುಸ್ಸು ಎರಡು ಮಳೆಗಾಲ ಅಂತ ಆಗ ಮಾತಿತ್ತಂತೆ.

ಚಳಿಗಾಲದ ಬೆಳಗ್ಗೆ ಹೋಗೋದು ಒಳ್ಳೇದು. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಮರದ ನೆರಳಲ್ಲಿ ಸೊಳ್ಳೆ ವಿಪರೀತ. ಫೋಟೋ ತೆಗೆಯೋ ಮುಂಚೆ ಗೇಟಿನಲ್ಲಿ ಕೇಳಿ. ಸಮಾಧಿ ಕಟ್ಟೆ ಹತ್ತಿ ಪೋಸು ಕೊಡೋರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಜೋನ್ಸ್ 1784ರಲ್ಲಿ ಕಟ್ಟಿದ ಏಷ್ಯಾಟಿಕ್ ಸೊಸೈಟಿ ಇದೇ ರಸ್ತೆಯ ಇನ್ನೊಂದು ತುದಿಯಲ್ಲಿದೆ. ಕಾಲಿಗೆ ಶಕ್ತಿ ಇದ್ದರೆ ನಡೆದೇ ಹೋಗಬಹುದು. ನಾನು ಆ ಕಡೆ ಹೋಗದೆ ಎ.ಜೆ.ಸಿ. ಬೋಸ್ ರಸ್ತೆ ಹಿಡಿದೆ. ಅಲ್ಲಿನ ಸ್ಮಶಾನದಲ್ಲಿ ಬಂಗಾಳಿ ಕವಿ ಮೈಕೆಲ್ ಮಧುಸೂದನ ದತ್ತರ ಸಮಾಧಿ ಇದೆ.