ಸ್ಟೀಮ್ ಟೇಬಲ್: ಮೊದಲು ಪುಸ್ತಕ, ಆಮೇಲೆ ಕಂಪ್ಯೂಟರ್

ಥರ್ಮೋಡೈನಮಿಕ್ಸ್ ಪಾಠದ ಮೊದಲ ಕೆಲವು ವಾರ ನನ್ನ ಕ್ಲಾಸಿನಲ್ಲಿ ಲ್ಯಾಪ್‌ಟಾಪ್ ಇಲ್ಲ. ಎಲ್ಲರ ಕೈಯಲ್ಲೂ, ಬೇರೆ ಬೇರೆ ಒತ್ತಡ, ತಾಪಮಾನದಲ್ಲಿ ನೀರು ಮತ್ತು ಉಗಿಯ ಗುಣಗಳನ್ನು ಪಟ್ಟಿ ಮಾಡಿರುವ ಸ್ಟೀಮ್ ಟೇಬಲ್ ಇರುವ ಡೇಟಾ ಹ್ಯಾಂಡ್‌ಬುಕ್ ಇರಲೇಬೇಕು. ಪರೀಕ್ಷೆಯಲ್ಲಿ ಸಿಗುವುದೂ ಅದೇ, ಆದರೆ ನಾನು ಹಟ ಹಿಡಿಯುವುದು ಅದಕ್ಕಲ್ಲ.

ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದು: ಒತ್ತಡ 10 ಬಾರ್, ತಾಪಮಾನ 150 ಡಿಗ್ರಿ ಸೆಲ್ಸಿಯಸ್, ಇದು ನೀರೋ, ಉಗಿಯೋ? ನೂರು ಡಿಗ್ರಿ ದಾಟಿದೆಯಲ್ಲ ಸಾರ್, ಉಗಿಯೇ ಎನ್ನುತ್ತಾರೆ. ಟೇಬಲ್ ತೆಗೆಯಿರಿ ಎನ್ನುತ್ತೇನೆ. 10 ಬಾರ್ ಸಾಲಿನ ಮೇಲೆ ಬೆರಳಿಟ್ಟರೆ ಕುದಿಯುವ ತಾಪಮಾನ 179.9 ಡಿಗ್ರಿ. ಕುದಿಯಲು ಇನ್ನೂ ಮೂವತ್ತು ಡಿಗ್ರಿ ಬೇಕು, ಅಂದರೆ ಅದು ನೀರೇ. ಬೆರಳು ಅಲ್ಲೇ ಇರುವಾಗ ಪಕ್ಕದ ಕಾಲಂ ಕೂಡ ಕಣ್ಣಿಗೆ ಬೀಳುತ್ತದೆ: ಒಂದು ಕೆಜಿ ನೀರನ್ನು ಉಗಿ ಮಾಡಲು ಸುಮಾರು 2015 ಕಿಲೋಜೂಲ್. ಅದೇ ಕಾಲಂನಲ್ಲಿ ಕೆಳಗಿಳಿದರೆ ಆ ಸಂಖ್ಯೆ ಕರಗುತ್ತಾ ಬಂದು 221 ಬಾರ್ ಹತ್ತಿರ ಸೊನ್ನೆಯಾಗುತ್ತದೆ. ನೀರು, ಉಗಿ ಎಂಬ ಭೇದವೇ ಅಳಿಯುವ ಕ್ರಿಟಿಕಲ್ ಪಾಯಿಂಟ್ ಎಂದರೇನೆಂದು ನಾನು ಬೋರ್ಡಿನ ಮೇಲೆ ಬರೆಯುವ ಮೊದಲೇ ಅವರು ನೋಡಿರುತ್ತಾರೆ. ಬೇಕಾದ ಒಂದೇ ಸಂಖ್ಯೆಯನ್ನು ಕೊಡುವ ಸಾಫ್ಟ್‌ವೇರ್‌ನಲ್ಲಿ ಈ ಅಕ್ಕಪಕ್ಕದ ನೋಟ ಇರುವುದಿಲ್ಲ.

ಇಂಟರ್‌ಪೊಲೇಶನ್ (ಟೇಬಲ್‌ನ ಎರಡು ಸಾಲುಗಳ ನಡುವಿನ ಬೆಲೆಯನ್ನು ಲೆಕ್ಕ ಹಾಕುವುದು) ಬಗ್ಗೆ ನನಗೆ ಅಷ್ಟು ವ್ಯಾಮೋಹವಿಲ್ಲ. ನಾಲ್ಕಾರು ಸಲ ಕೈಯಲ್ಲಿ ಮಾಡಿದರೆ ಸಾಕು.

ರ್‍ಯಾಂಕಿನ್ ಸೈಕಲ್‌ಗೆ (ಉಗಿ ವಿದ್ಯುತ್ ಸ್ಥಾವರ ನಡೆಯುವ ಚಕ್ರ) ಬಂದ ಮೇಲೆ ಕಂಪ್ಯೂಟರ್ ತೆರೆಸುತ್ತೇನೆ. ಪೈಥಾನ್‌ನಲ್ಲಿ ಓಡುವ ಕೂಲ್‌ಪ್ರಾಪ್ ಎಂಬ, ಟೇಬಲ್‌ನ ಬೆಲೆಗಳನ್ನು ಲೆಕ್ಕ ಹಾಕಿ ಕೊಡುವ ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ. ಟರ್ಬೈನ್‌ಗೆ ಹೋಗುವ ಉಗಿ 350 ಡಿಗ್ರಿ, ಕಂಡೆನ್ಸರ್ 0.1 ಬಾರ್, ಬಾಯ್ಲರ್ ಒತ್ತಡವನ್ನಷ್ಟೇ ಬದಲಿಸಿ ಎಂದು ಹೇಳುತ್ತೇನೆ. ಐಡಿಯಲ್ ಟರ್ಬೈನ್‌ನಿಂದ ಹೊರಬರುವ ಉಗಿಯ ಡ್ರೈನೆಸ್ ಫ್ರ್ಯಾಕ್ಷನ್ (ನೀರಹನಿ ಬೆರೆತ ಉಗಿಯಲ್ಲಿ ಒಣ ಉಗಿಯ ಪಾಲು) 10 ಬಾರ್‌ಗೆ 0.89, 30ಕ್ಕೆ 0.81, 60ಕ್ಕೆ 0.76. ಗ್ರಾಫ್ ಇಳಿಯುವುದನ್ನು ನೋಡಿದ ಕೂಡಲೇ, ಬ್ಲೇಡಿಗೆ ನೀರಹನಿ ಹೊಡೆಯುತ್ತದಲ್ಲ ಸಾರ್ ಎಂದು ಯಾರಾದರೂ ಕೇಳುತ್ತಾರೆ. ಉಗಿಯನ್ನು ನಡುವೆ ಮತ್ತೆ ಕಾಯಿಸುವ ರೀಹೀಟ್ ಪಾಠ ಅಲ್ಲಿಂದಲೇ ಶುರು. ಪುಸ್ತಕ ಹಿಡಿದು ಇಂಥ ಇಪ್ಪತ್ತು ಬಿಂದು ಲೆಕ್ಕ ಹಾಕುವಷ್ಟರಲ್ಲಿ ಪ್ರಶ್ನೆ ಕೇಳುವ ಉತ್ಸಾಹವೇ ಸತ್ತಿರುತ್ತದೆ.

ಒದ್ದೆ ಉಗಿಗೆ ಒತ್ತಡ, ತಾಪಮಾನ ಎರಡನ್ನೇ ಕೊಟ್ಟು ಶಕ್ತಿಯ ಅಳತೆಯಾದ ಎಂಥಾಲ್ಪಿ ಕೇಳಿದರೆ ಪ್ರೋಗ್ರಾಂ ಎರರ್ ತೋರಿಸುತ್ತದೆ. ಟೇಬಲ್ ಓದಿದ ಹುಡುಗರಿಗೆ ಕಾರಣ ಹೊಳೆಯುತ್ತದೆ: ಅವೆರಡೂ ಒಂದೇ ಸಾಲಿನಲ್ಲಿ ಜೋಡಿಯಾಗಿ ಕೂತಿವೆ, ಒಂದನ್ನು ಹೇಳಿದರೆ ಇನ್ನೊಂದನ್ನೂ ಹೇಳಿದಂತೆಯೇ. ಡ್ರೈನೆಸ್ ಫ್ರ್ಯಾಕ್ಷನ್ ಬೇರೆಯಾಗಿ ಕೊಡಬೇಕು.

ರೆಫ್ರಿಜರೇಶನ್‌ನಲ್ಲಿ ಇನ್ನೊಂದು ಎಚ್ಚರ ಬೇಕು. ತಂಪುಕಾರಕ ಆರ್-134ಎ ದ್ರವದ ಎಂಥಾಲ್ಪಿಯನ್ನು ಕೆಲವು ಟೇಬಲ್‌ಗಳು 0 ಡಿಗ್ರಿಯಲ್ಲಿ ಕೆಜಿಗೆ 200 ಕಿಲೋಜೂಲ್ ಎಂದು ಇಟ್ಟುಕೊಂಡಿರುತ್ತವೆ, ಕೆಲವು ಮೈನಸ್ 40 ಡಿಗ್ರಿಯಲ್ಲಿ ಸೊನ್ನೆ ಎಂದು. ಒಂದು ಬಿಂದುವಿನ ಬೆಲೆ ಪುಸ್ತಕದಿಂದ, ಇನ್ನೊಂದರದು ಕಂಪ್ಯೂಟರ್‌ನಿಂದ ತೆಗೆದು ಕಳೆದರೆ ಸಿಒಪಿಗೆ (ಖರ್ಚಾದ ಕೆಲಸಕ್ಕೆ ಸಿಕ್ಕ ತಂಪಿನ ಅನುಪಾತ) ಅರ್ಥವೇ ಇರುವುದಿಲ್ಲ. ಅದಕ್ಕೇ ಅಸೈನ್‌ಮೆಂಟ್‌ನ ಮೊದಲ ಸಾಲಿನಲ್ಲೇ, ಬೆಲೆಗಳನ್ನು ಎಲ್ಲಿಂದ ತೆಗೆದುಕೊಂಡಿರಿ, ಸೊನ್ನೆ ಎಲ್ಲಿದೆ ಎಂದು ಬರೆಸುತ್ತೇನೆ.