ಮೊದಲ ಸಲ ಬಸುರಿ ತಪಾಸಣೆಗೆ ಹೋಗುವವರಿಗೆ

ಅಕ್ಕ-ತಂಗಿಯರೇ, ಹೋದ ವಾರ ಬಾಗಲಕೋಟೆಯಲ್ಲಿ ನನ್ನ ತಂಗಿಯನ್ನು ಮೊದಲ ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ಹೆದರಿಕೆಯಿಂದ ಅವಳು ಹಿಂದಿನ ರಾತ್ರಿ ನಿದ್ದೆಯನ್ನೇ ಮಾಡಿರಲಿಲ್ಲ. ಅಷ್ಟು ಹೆದರುವಂಥದ್ದು ಏನೂ ಇಲ್ಲ.

ಡಾಕ್ಟರ್ ಮೊದಲು ಕೇಳುವುದು ಕೊನೆಯ ಸಲ ಮುಟ್ಟಾದ ತಾರೀಖು. ಆ ಮೊದಲ ದಿನಕ್ಕೆ 280 ದಿನ ಕೂಡಿಸಿ ಹೆರಿಗೆಯ ಅಂದಾಜು ದಿನ ಹೇಳುತ್ತಾರೆ. ಮನೆಯಲ್ಲೇ ಕ್ಯಾಲೆಂಡರ್ ನೋಡಿ ಬರೆದಿಟ್ಟುಕೊಳ್ಳಿ.

ಆಮೇಲೆ ತೂಕ, ಬಿಪಿ, ಮೂತ್ರ ಪರೀಕ್ಷೆ. ರಕ್ತದಲ್ಲಿ ಹಿಮೋಗ್ಲೋಬಿನ್, ಗ್ರೂಪ್, ಸಕ್ಕರೆ, ಎಚ್‌ಐವಿ ಎಲ್ಲ ನೋಡುತ್ತಾರೆ. ಎಚ್‌ಐವಿ ಅಂದ ಕೂಡಲೇ ಬೇಜಾರಾಗಬೇಡಿ, ಅದು ಎಲ್ಲ ಬಸುರಿಯರಿಗೂ ಮಾಡುವ ಪರೀಕ್ಷೆ. ಗ್ರೂಪ್ ನೆಗೆಟಿವ್ ಬಂದರೆ ಗಂಡನ ಗ್ರೂಪ್ ಕೂಡ ಕೇಳುತ್ತಾರೆ.

ನಾನು ಕೈಮುಗಿದು ಹೇಳುವುದು ಇದೊಂದೇ: ಏನನ್ನೂ ಮುಚ್ಚಿಡಬೇಡಿ. ಹಿಂದೆ ಗರ್ಭ ಇಳಿದಿದ್ದರೆ, ಥೈರಾಯ್ಡ್ ಅಥವಾ ಫಿಟ್ಸ್ ಗುಳಿಗೆ ತಗೊಳ್ತಿದ್ದರೆ ಹೇಳಿ. ನಮ್ಮ ಕಡೆ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ಜಾಸ್ತಿ ಅಲ್ವಾ, ಅದನ್ನೂ ಹೇಳಿ. ಅತ್ತೆಯವರ ಎದುರು ಹೇಳಲು ಕಷ್ಟವಾದರೆ, ಡಾಕ್ಟರ್ ಹತ್ತಿರ ಒಬ್ಬರೇ ಮಾತಾಡಬೇಕು ಅಂತ ಕೇಳಿ. ತಪ್ಪೇನಿಲ್ಲ.

ಮೊದಲ ಮೂರು ತಿಂಗಳು ಫೋಲಿಕ್ ಆಸಿಡ್ ಗುಳಿಗೆ ಕೊಡುತ್ತಾರೆ. ಕಬ್ಬಿಣಾಂಶದ ಗುಳಿಗೆ ಸಾಮಾನ್ಯವಾಗಿ ನಾಲ್ಕನೇ ತಿಂಗಳಿಂದ. ಅದನ್ನು ಚಹಾ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ.

12 ವಾರದೊಳಗೆ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಿ. ನಾಲ್ಕನೇ ತಿಂಗಳಿಂದ, ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ತಪಾಸಣೆಯೂ ಇರುತ್ತದೆ. ರಕ್ತ ಹೋದರೆ ಅಥವಾ ಹೊಟ್ಟೆ ಜೋರಾಗಿ ನೋಯುತ್ತಿದ್ದರೆ ಮಾತ್ರ ಯಾವ ತಾರೀಖಿಗೂ ಕಾಯಬೇಡಿ, ಕೂಡಲೇ ಹೋಗಿ.