ಮೊದಲ ಸಲ ಫೀಲ್ಡ್‌ಗೆ ಹೊರಟಿದ್ದೀರಾ?

ಭೂವಿಜ್ಞಾನ ಎಂಎಸ್ಸಿ ಸೇರಿದವರು ಮೊದಲ ಫೀಲ್ಡ್‌ವರ್ಕ್‌ಗೆ ಮುಂಚೆ ಒಂದು ಬೆಳಿಗ್ಗೆ ಲಾಲ್‌ಬಾಗ್ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷದ ಪೆನಿನ್ಸುಲಾರ್ ನೈಸ್ (ಶಾಖ, ಒತ್ತಡಕ್ಕೆ ರೂಪ ಬದಲಿಸಿದ ಪಟ್ಟೆಪಟ್ಟೆ ಕಲ್ಲು) ಅದು, ವಾಕಿಂಗ್ ಬಂದವರು ಸುಮ್ನೆ ಅದರ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾರೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಲ್ವಾ, ಸುತ್ತಿಗೆ ಮನೆಯಲ್ಲೇ ಇರಲಿ.

ಮೊದಲು ದೂರ ನಿಂತು ನೋಡಿ. ಕಪ್ಪು-ಬಿಳಿ ಪಟ್ಟೆಗಳು ಯಾವ ದಿಕ್ಕಿಗೆ ಹೋಗಿವೆ, ಎಲ್ಲಿ ಮಡಚಿಕೊಂಡಿವೆ, ಯಾವ ಬಿಳಿ ಎಳೆ ಯಾವುದನ್ನು ಕತ್ತರಿಸಿಕೊಂಡು ಹೋಗಿದೆ? ಕತ್ತರಿಸಿದ್ದು ಕಿರಿಯದು, ಕತ್ತರಿಸಿಕೊಂಡದ್ದು ಹಿರಿಯದು. ಇಷ್ಟು ಹಿಡಿದರೆ ಅರ್ಧ ಕಥೆ ಸಿಕ್ಕಂತೆ. ಆಮೇಲೆ ನೋಟ್‌ಬುಕ್‌ನಲ್ಲಿ ಚಿತ್ರ ಬಿಡಿಸಿ. ಫೋಟೋ ಸಾಲದು, ಬಿಡಿಸುವಾಗಲೇ ಕಣ್ಣು ನಿಜವಾಗಿ ನೋಡುವುದು. ಅಳತೆ ಮತ್ತು ಉತ್ತರ ದಿಕ್ಕು ಗುರುತು ಹಾಕಿ.

ಕ್ಲೈನೋಮೀಟರ್ ಕಂಪಾಸ್ (ಇಳಿಜಾರನ್ನೂ ಅಳೆಯುವ ದಿಕ್ಸೂಚಿ) ಹಿಡಿದು ಸ್ಟ್ರೈಕ್ (ಪಟ್ಟೆ ಸಾಗುವ ದಿಕ್ಕು), ಡಿಪ್ (ಅದು ಎಷ್ಟು ಓರೆಯಾಗಿ ಇಳಿದಿದೆ ಎಂಬುದು) ಅಳೆಯುವಾಗ ಸುತ್ತಿಗೆ, ಮೊಬೈಲ್ ದೂರ ಇಡಿ, ಅವು ಕಂಪಾಸ್ ಮುಳ್ಳನ್ನು ಎಳೆಯುತ್ತವೆ. ನಾನೊಮ್ಮೆ ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿಕೊಂಡೇ ಬೆಳಿಗ್ಗೆಯೆಲ್ಲ ಅಳೆದು, ಸಂಜೆ ಮ್ಯಾಪ್ ಮೇಲೆ ಹಾಕಿದಾಗ ಪಟ್ಟೆಗಳೆಲ್ಲ ದಿಕ್ಕಾಪಾಲಾಗಿದ್ದವು.

ಸ್ಯಾಂಪಲ್ ಬೇಕಾದರೆ ರಾಮನಗರದ ಕಡೆ ಹೋಗಿ. ಅಲ್ಲಿನದು ಸುಮಾರು 250 ಕೋಟಿ ವರ್ಷದ ಕ್ಲೋಸ್‌ಪೇಟ್ ಗ್ರಾನೈಟ್, ಆ ಊರಿನ ಹಳೆ ಹೆಸರೇ ಕಲ್ಲಿಗೂ ಬಂದಿದೆ. ಜಮೀನಿನವರನ್ನು ಕೇಳಿಯೇ ಕಾಲಿಡಿ. "ಯಜಮಾನ್ರೇ, ಕಾಲೇಜಿಂದ ಬಂದಿದೀವಿ, ಒಂದು ಚೂರು ಕಲ್ಲು ತಗೋಬಹುದಾ?" ಅಂದರೆ ಸಾಕು. ಹೊರಗಿನ ಮಾಸಿದ ಪದರ ಬೇಡ, ಒಳಗಿನ ತಾಜಾ ಕಲ್ಲು ಬೇಕು. ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ಕಲ್ಲಿಗೂ ಚೀಲಕ್ಕೂ ಒಂದೇ ನಂಬರ್ ಅಲ್ಲೇ ಬರೆಯಿರಿ, ಜಿಪಿಎಸ್ ಸಮೇತ. ರೂಮಿಗೆ ಹೋಗಿ ಬರೆಯೋಣ ಅಂದರೆ ಎಲ್ಲ ಕಲ್ಲೂ ಒಂದೇ ಥರ ಕಾಣುತ್ತವೆ.